ವಿದೇಶದ ಓದು ಮುಗಿಸಿ ಊರಿಗೆ ಬರುವವರಿಗೆ

ಮಗನೋ ಮಗಳೋ ಓದಲು ವಿದೇಶಕ್ಕೆ ಹೊರಟರೆ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ಓಣಿಗೆ ಓಣಿಯೇ ಸಂಭ್ರಮಪಡುತ್ತದೆ. ಸರ್ಕಲ್ಲಿನಲ್ಲಿ ಫ್ಲೆಕ್ಸ್ ಏಳುತ್ತದೆ, ಸೊಸೈಟಿಯವರು ಕರೆದು ಶಾಲು ಹೊದಿಸುತ್ತಾರೆ. ವೀಸಾದಿಂದ ಹಿಡಿದು ಶೇಂಗಾ ಚಟ್ನಿಯ ಪೊಟ್ಟಣದವರೆಗೆ ಎಲ್ಲಕ್ಕೂ ಸಲಹೆ ಕೊಡುವವರು ಸಿಗುತ್ತಾರೆ. ಓದು ಮುಗಿಸಿ ಮರಳುವವರಿಗೆ ಮಾತ್ರ ಹೀಗೆ ಹೇಳಿಕೊಡುವವರಿಲ್ಲ. ಏಜೆಂಟನ ಕೆಲಸ ಅಡ್ಮಿಶನ್ ದಿನವೇ ಮುಗಿದಿರುತ್ತದೆ. ಮನೆಯವರಿಗೆ ಮಗು ಬಂತಲ್ಲ ಎಂಬ ಸಮಾಧಾನ. ಬಂದವರ ಕೈಯಲ್ಲಿ ಒಂದು ಫೈಲು, ತಲೆಯ ಮೇಲೆ ಒಂದು ಸಾಲ, ಎದುರಿಗೆ ದಿನಕ್ಕೆ ಹತ್ತು ಸಲ ಬರುವ ‘ಮುಂದೇನು?’ ಎಂಬ ಪ್ರಶ್ನೆ.

ಓದಿನ ಕೊನೆಯ ಎರಡು ತಿಂಗಳು ಮತ್ತು ಊರಿಗೆ ಬಂದ ಮೇಲಿನ ಆರು ತಿಂಗಳನ್ನು ಕೋರ್ಸಿನದೇ ಇನ್ನೊಂದು ಸೆಮಿಸ್ಟರ್ ಎಂದು ಲೆಕ್ಕ ಹಿಡಿಯಬೇಕು. ಅದಕ್ಕೂ ಹಣ ಬೇಕು, ಸಮಯ ಬೇಕು, ಮನೆಯವರ ತಾಳ್ಮೆ ಬೇಕು. ಹೋಗುವಾಗ ಹಾಕಿದ ಬಜೆಟ್‌ನಲ್ಲೇ ಇದನ್ನು ಸೇರಿಸಿಕೊಂಡ ಮನೆಗಳು ಕಡಿಮೆ. ಈಗಾಗಲೇ ಹೋದವರಾದರೂ ಉಳಿದಿರುವ ತಿಂಗಳುಗಳಲ್ಲಿ ಸೇರಿಸಿಕೊಳ್ಳಲಿ.

1917ರ ಒಂದು ಮರಳಿಕೆ

ಮರಳಿ ಬರುವುದು ಎಷ್ಟು ಕಠಿಣವಾಗಬಹುದು, ಆದರೂ ಅದನ್ನು ಹೇಗೆ ದಾಟಬಹುದು ಎಂಬುದಕ್ಕೆ ಡಾ. ಬಿ.ಆರ್. ಅಂಬೇಡ್ಕರ್ ಅವರ ಬದುಕನ್ನೇ ನೋಡಬೇಕು. ಬರೋಡಾ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದ ಮೇಲೆ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ ಅವರು, 1916ರಲ್ಲಿ ಲಂಡನ್ನಿಗೆ ಬಂದು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಮತ್ತು ಬ್ಯಾರಿಸ್ಟರ್ ಓದಿನ ಗ್ರೇಸ್ ಇನ್ ಎರಡರಲ್ಲೂ ಹೆಸರು ಹಚ್ಚಿದ್ದರು. ವಿದ್ಯಾರ್ಥಿವೇತನದ ಅವಧಿ ಮುಗಿದದ್ದರಿಂದ 1917ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಹೊರಡುವ ಮುನ್ನ ಅವರು ಒಂದು ಕೆಲಸ ಮಾಡಿದ್ದರು: ನಾಲ್ಕು ವರ್ಷದೊಳಗೆ ಮರಳಿ ಬಂದು ಓದು ಮುಂದುವರಿಸಲು ಲಂಡನ್ ವಿಶ್ವವಿದ್ಯಾಲಯದ ಅನುಮತಿ ಪಡೆದುಕೊಂಡಿದ್ದರು. ಅದು ಮೊದಲ ಮಹಾಯುದ್ಧದ ಕಾಲ. ಅವರ ಸಾಮಾನು, ಪುಸ್ತಕಗಳಿದ್ದ ಹಡಗು ಜರ್ಮನ್ ಜಲಾಂತರ್ಗಾಮಿಯ ದಾಳಿಗೆ ಸಿಕ್ಕಿ ಮುಳುಗಿತು. ಅವರು ಬೇರೆ ಹಡಗಿನಲ್ಲಿದ್ದರು.

ಕರಾರಿನಂತೆ ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದರೆ ಆ ಊರಿನಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ತಂಗಿದ್ದಾಗ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಎರಡು ಖಂಡಗಳಲ್ಲಿ ಓದಿ ಬಂದವರನ್ನು ಊರು ಜಾತಿಯಿಂದಲೇ ಅಳೆಯಿತು. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ತಮ್ಮ ಕಿರು ಆತ್ಮಕಥನದಲ್ಲಿ ಅಂಬೇಡ್ಕರ್ ಇದನ್ನು ವಿವರವಾಗಿ ಬರೆದಿದ್ದಾರೆ. ವಿದೇಶಕ್ಕೆ ಮಕ್ಕಳನ್ನು ಕಳಿಸಿದ ಪ್ರತಿ ಮನೆಯವರೂ ಅದನ್ನು ಓದಬೇಕು ಎಂದು ನನಗೆ ಅನಿಸುತ್ತದೆ.

ಮುಂದಿನದು ನಮ್ಮ ಸೀಮೆಗೆ ಹತ್ತಿರದ ಕಥೆ. 1918ರಲ್ಲಿ ಅಂಬೇಡ್ಕರ್ ಮುಂಬೈಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ಪಗಾರದಲ್ಲಿ ಹಣ ಉಳಿಸತೊಡಗಿದರು. 1920ರ ಮಾರ್ಚ್‌ನಲ್ಲಿ ಕೊಲ್ಹಾಪುರ ಸಂಸ್ಥಾನದ ಮಾಣಗಾಂವದಲ್ಲಿ ನಡೆದ ಪರಿಷತ್ತಿಗೆ ಶಾಹೂ ಮಹಾರಾಜರೇ ಬಂದು ಅವರನ್ನು ಜನರ ನಾಯಕನೆಂದು ಸಾರಿದರು. ಆಗ ನಮ್ಮ ರಾಯಬಾಗವೂ ಅದೇ ಸಂಸ್ಥಾನಕ್ಕೆ ಸೇರಿತ್ತು. ತಮ್ಮ ಉಳಿತಾಯ, ಗೆಳೆಯನ ಸಾಲ, ಶಾಹೂ ಮಹಾರಾಜರ ನೆರವು ಸೇರಿಸಿಕೊಂಡು ಅದೇ ವರ್ಷ ಲಂಡನ್ನಿಗೆ ಮರಳಿದ ಅಂಬೇಡ್ಕರ್ 1923ರಲ್ಲಿ ಡಿ.ಎಸ್ಸಿ. ಪಡೆದರು. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ನಡೆದ ಮುಂಬೈ ಪ್ರಾಂತದ ಬಹಿಷ್ಕೃತ ವರ್ಗಗಳ ಪರಿಷತ್ತಿನ ಅಧ್ಯಕ್ಷತೆ ವಹಿಸಿದವರು ಅವರೇ.

ಈ ಕಥೆಯಲ್ಲಿ ಇಂದಿನ ವಿದ್ಯಾರ್ಥಿಗೆ ನೇರವಾಗಿ ಉಪಯೋಗವಾಗುವ ಎರಡು ಸಂಗತಿಗಳಿವೆ. ಒಂದು, ಓದು ಪೂರ್ತಿಯಾಗದೆ ಬರುವುದಾದರೆ ಮರಳಿ ಸೇರುವ ಹಕ್ಕನ್ನು ಲಿಖಿತವಾಗಿ ಪಡೆದೇ ಹೊರಡಬೇಕು. ಹಣದ ತೊಂದರೆ, ಕಾಯಿಲೆ, ಮನೆಯಲ್ಲಿ ಸಾವು, ಕಾರಣ ಯಾವುದೇ ಇರಲಿ, ಹೇಳದೆ ಕೇಳದೆ ಬಂದರೆ ಹೆಸರು ತೆಗೆದು ಹಾಕುತ್ತಾರೆ. ಕೇಳಿದರೆ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಓದಿಗೆ ವಿರಾಮ ಕೊಡುವ ನಿಯಮವಿದೆ. ಎರಡು, ಗುರುಗಳ ನಂಟು. 1923ರಲ್ಲಿ ಬಂದ ‘ದಿ ಪ್ರಾಬ್ಲೆಮ್ ಆಫ್ ದಿ ರುಪೀ’ ಗ್ರಂಥಕ್ಕೆ ಲಂಡನ್ನಿನ ಎಡ್ವಿನ್ ಕ್ಯಾನನ್, 1925ರ ಇನ್ನೊಂದು ಗ್ರಂಥಕ್ಕೆ ಕೊಲಂಬಿಯಾದ ಸೆಲಿಗ್ಮನ್ ಮುನ್ನುಡಿ ಬರೆದರು. ಕ್ಲಾಸು ಬಿಟ್ಟು ವರ್ಷಗಳಾದ ಮೇಲೂ ಆ ನಂಟು ಉಳಿದಿತ್ತು. ನೀವೂ ಹೊರಡುವ ಮುನ್ನ ಇಬ್ಬರಾದರೂ ಪ್ರಾಧ್ಯಾಪಕರನ್ನು ಎದುರಿಗೆ ಕಂಡು, ಮುಂದೆ ಶಿಫಾರಸು ಪತ್ರ ಕೊಡುವಿರಾ ಎಂದು ಕೇಳಿಕೊಂಡು ಬನ್ನಿ. ಎರಡು ವರ್ಷದ ನಂತರ ಮೇಲ್ ಮಾಡಿದರೆ ಅವರಿಗೆ ನಿಮ್ಮ ಮುಖ ನೆನಪಾಗುವುದು ಕಷ್ಟ.

ಅಲ್ಲಿಂದ ಹೊರಡುವ ಮುನ್ನ

ಮೊದಲು ಕಾಗದಪತ್ರ. ವಿದೇಶದ ಪದವಿ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ ಎಂಬ ದೃಢೀಕರಣದ ಮುದ್ರೆಯನ್ನು ಆ ದೇಶದಲ್ಲೇ ಹಾಕಿಸಿಕೊಳ್ಳಬೇಕು. ನಮ್ಮ ವಿದೇಶಾಂಗ ಸಚಿವಾಲಯ ಭಾರತದ ದಾಖಲೆಗಳನ್ನು ಮಾತ್ರ ದೃಢೀಕರಿಸುತ್ತದೆ. ಊರಿಗೆ ಬಂದ ಮೇಲೆ ಬೆಂಗಳೂರಿಗೆ ಎಷ್ಟು ಅಲೆದರೂ ರಷ್ಯಾದ ಅಥವಾ ಅಮೆರಿಕದ ಪದವಿಗೆ ಆ ಮುದ್ರೆ ಬೀಳುವುದಿಲ್ಲ. ಅಮೆರಿಕದಲ್ಲಿ ಇದು ಆಯಾ ರಾಜ್ಯದ ಕಾರ್ಯದರ್ಶಿ ಕಚೇರಿಯ ಕೆಲಸ, ಬ್ರಿಟನ್ನಿನಲ್ಲಿ ವಿದೇಶಾಂಗ ಕಚೇರಿಯದು. ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ಪಠ್ಯಕ್ರಮದ ವಿವರ, ಬೋಧನಾ ಮಾಧ್ಯಮದ ಪತ್ರ, ಇಂಟರ್ನ್‌ಶಿಪ್ ಪತ್ರ ಇವನ್ನೂ ಮುದ್ರೆಯೊಂದಿಗೆ ಪಡೆದುಕೊಳ್ಳಿ. ದಾಖಲೆ ಇಂಗ್ಲಿಷಿನಲ್ಲಿ ಇಲ್ಲದಿದ್ದರೆ ಅಧಿಕೃತ ಅನುವಾದವನ್ನೂ ಅಲ್ಲೇ ಮಾಡಿಸಿ.

ನಮ್ಮ ಗಡಿ ತಾಲ್ಲೂಕುಗಳ ಮಕ್ಕಳಿಗೆ ಇಲ್ಲಿ ಇನ್ನೊಂದು ತೊಡಕಿದೆ. ನಿಪ್ಪಾಣಿಯ ಒಬ್ಬ ಹುಡುಗಿ ಎಸ್‌ಎಸ್‌ಎಲ್‌ಸಿ ಕರ್ನಾಟಕದಲ್ಲಿ ಬರೆದು, ಬಿ.ಎಸ್ಸಿ.ಯನ್ನು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಿಂದ ಪಡೆದು, ಎಂ.ಎಸ್ಸಿ.ಗೆ ಜರ್ಮನಿಗೆ ಹೋದಳು ಎಂದು ಇಟ್ಟುಕೊಳ್ಳಿ. ಅವಳ ದಾಖಲೆಗಳು ಎರಡು ರಾಜ್ಯ, ಎರಡು ದೇಶಗಳಲ್ಲಿ ಹಂಚಿಹೋಗಿವೆ. ಒಂದರಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ತನ್ನ ಹೆಸರು ಮೊದಲು. ಒಂದರಲ್ಲಿ ತಂದೆಯ ಪೂರ್ತಿ ಹೆಸರು, ಇನ್ನೊಂದರಲ್ಲಿ ಬರೀ ಇನಿಶಿಯಲ್. ‘ಪಾಟೀಲ’ ಎಂಬುದರ ಇಂಗ್ಲಿಷ್ ಕಾಗುಣಿತ ಕೂಡ ಎರಡು ಬಗೆ. ಪಾಸ್‌ಪೋರ್ಟಿನಲ್ಲಿ ಮೂರನೆಯ ರೂಪ. ಇವೆಲ್ಲ ಒಬ್ಬಳವೇ ಎಂದು ಪರಿಶೀಲಿಸುವ ಅಧಿಕಾರಿಗೆ ನಂಬಿಕೆ ಬರಬೇಕಾದರೆ ನೋಟರಿ ಅಫಿಡವಿಟ್ ಬೇಕಾಗುತ್ತದೆ. ವಿದೇಶದ ಪದವಿಪತ್ರ ಅಚ್ಚಾಗುವ ಮೊದಲೇ ಅದರಲ್ಲಿ ಹೆಸರು ಪಾಸ್‌ಪೋರ್ಟಿನಂತೆ ಇದೆಯೇ ನೋಡಿ. ಅಚ್ಚಾದ ಮೇಲೆ ತಿದ್ದಿಸುವುದು ತಿಂಗಳುಗಟ್ಟಲೆಯ ಕೆಲಸ.

ಫೋನ್ ನಂಬರು ಸಣ್ಣ ವಿಷಯ ಅನಿಸಬಹುದು, ಆದರೆ ಬಂದವರಲ್ಲಿ ಬಹಳ ಜನ ಇಲ್ಲಿಯೇ ಸಿಕ್ಕಿಬೀಳುತ್ತಾರೆ. ಅಲ್ಲಿಯ ಬ್ಯಾಂಕು, ವಿಶ್ವವಿದ್ಯಾಲಯದ ಪೋರ್ಟಲ್ ಎರಡೂ ಒಟಿಪಿಯನ್ನು ಅಲ್ಲಿಯ ಸಿಮ್‌ಗೆ ಕಳಿಸುತ್ತವೆ. ಆ ಸಿಮ್ ನಿಂತ ದಿನ ನಿಮ್ಮ ಖಾತೆಗೆ ನೀವೇ ಹೊರಗಿನವರು. ಹೊರಡುವ ಮುನ್ನ ನಂಬರ್ ಬದಲಿಸಿ. ವಿಶ್ವವಿದ್ಯಾಲಯದ ಇಮೇಲ್ ಕೆಲವು ತಿಂಗಳಲ್ಲಿ ಮುಚ್ಚಬಹುದು, ಅದರಲ್ಲಿರುವ ಪತ್ರ, ಪ್ರಾಜೆಕ್ಟ್, ರಸೀದಿಗಳನ್ನು ಸ್ವಂತ ಇಮೇಲ್‌ಗೆ ಇಳಿಸಿಕೊಳ್ಳಿ. ಇನ್ನು ಇಲ್ಲಿಯ ಹಳೆಯ ಸಿಮ್. ತೊಂಬತ್ತು ದಿನ ಬಳಸದೆ, ಖಾತೆಯಲ್ಲಿ ಹಣವೂ ಇಲ್ಲದಿದ್ದರೆ ಅದು ನಿಲ್ಲುತ್ತದೆ, ಮುಂದೆ ಅದೇ ನಂಬರು ಬೇರೆಯವರ ಪಾಲಾಗುತ್ತದೆ. ಆಧಾರ್, ಪ್ಯಾನ್, ಬ್ಯಾಂಕು ಎಲ್ಲವೂ ಅದಕ್ಕೇ ಜೋಡಣೆಯಾಗಿರುತ್ತವೆ. ಮನೆಯವರು ಆ ನಂಬರಿಗೆ ರೀಚಾರ್ಜ್ ಮಾಡುತ್ತಿರಲಿ. ನಿಂತುಹೋಗಿದ್ದರೆ ಊರಿಗೆ ಬಂದ ಮೊದಲ ವಾರವೇ ಆಧಾರ್ ಕೇಂದ್ರಕ್ಕೆ ಹೋಗಿ ಹೊಸ ನಂಬರ್ ಸೇರಿಸಿ.

ದೇಶದಿಂದ ದೇಶಕ್ಕೆ ಲೆಕ್ಕ ಮುಗಿಸುವ ರೀತಿ ಬೇರೆ. ಜರ್ಮನಿಯಲ್ಲಿ ನಗರ ಕಚೇರಿಗೆ ಹೋಗಿ ನಿವಾಸದ ನೋಂದಣಿ ರದ್ದು ಮಾಡಿಸಬೇಕು, ಆ ಕಾಗದವಿಲ್ಲದೆ ರೇಡಿಯೋ-ಟಿವಿ ಶುಲ್ಕ, ವಿಮೆ ಮುಂತಾದವನ್ನು ನಿಲ್ಲಿಸುವುದು ಕಷ್ಟ. ಬ್ರಿಟನ್ನಿನಲ್ಲಿ ಅರೆಕಾಲಿಕ ಕೆಲಸ ಮಾಡಿ ಹೆಚ್ಚಿಗೆ ತೆರಿಗೆ ಕಟ್ಟಿದ್ದರೆ ಪಿ-85 ಎಂಬ ನಮೂನೆಯಲ್ಲಿ ಮರಳಿ ಕೇಳಬಹುದು. ಆಸ್ಟ್ರೇಲಿಯಾದಲ್ಲಿ ದುಡಿದವರ ಹೆಸರಿನಲ್ಲಿ ಜಮೆಯಾದ ನಿವೃತ್ತಿ ನಿಧಿಯನ್ನು, ವೀಸಾ ಮುಗಿದು ದೇಶ ಬಿಟ್ಟ ಮೇಲೆ ತೆರಿಗೆ ಕಳೆದು ಕೊಡುತ್ತಾರೆ. ಅಮೆರಿಕದಲ್ಲಿ ಎಫ್-1 ವೀಸಾದವರಿಗೆ ಕೋರ್ಸು ಮುಗಿದ ಮೇಲೆ 60 ದಿನ ಇರಲು ಅವಕಾಶವಿದೆ. ಬಾಡಿಗೆಯ ಠೇವಣಿ ಎಲ್ಲ ಕಡೆಯೂ ಜಗಳದ ವಿಷಯವೇ. ಕೋಣೆ ಬಿಡುವ ದಿನ ಗೋಡೆ, ಒಲೆ, ಸ್ನಾನಗೃಹ ಎಲ್ಲದರ ಫೋಟೊ ತೆಗೆದಿಟ್ಟುಕೊಳ್ಳಿ.

ಪದವಿಗೆ ಇಲ್ಲಿ ಮಾನ್ಯತೆ

ಖಾಸಗಿ ಕಂಪನಿಗಳು ಸಾಮಾನ್ಯವಾಗಿ ತತ್ಸಮಾನ ಪ್ರಮಾಣಪತ್ರ ಕೇಳುವುದಿಲ್ಲ. ಸರ್ಕಾರಿ ನೌಕರಿ, ಉಪನ್ಯಾಸಕ ಹುದ್ದೆ, ಇಲ್ಲಿಯ ಪಿಎಚ್.ಡಿ. ಪ್ರವೇಶ ಇವಕ್ಕೆ ಅದು ಬೇಕು. ಹಿಂದೆ ಇದನ್ನು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಕೊಡುತ್ತಿತ್ತು. 2025ರ ಏಪ್ರಿಲ್‌ನಲ್ಲಿ ಯುಜಿಸಿ ಇದಕ್ಕಾಗಿ ಪ್ರತ್ಯೇಕ ನಿಯಮಾವಳಿ ಹೊರಡಿಸಿ, ಆನ್‌ಲೈನ್ ಅರ್ಜಿಯ ವ್ಯವಸ್ಥೆ ತಂದಿತು. ಫ್ರಾಂಚೈಸಿ ಮೂಲಕ ಪಡೆದ ಪದವಿಗೆ ಅದರಲ್ಲಿ ಅವಕಾಶವಿಲ್ಲ. ಬ್ರಿಟನ್ನಿನ ಒಂದು ವರ್ಷದ ಸ್ನಾತಕೋತ್ತರ ಪದವಿ ಇಲ್ಲಿ ನಡೆಯುವುದೇ ಎಂಬ ಹಳೆಯ ಅನುಮಾನಕ್ಕೆ 2022ರ ಜುಲೈನಲ್ಲಿ ಎರಡು ದೇಶಗಳ ನಡುವೆ ಆದ ಒಪ್ಪಂದ ಉತ್ತರ ಕೊಟ್ಟಿದೆ. ವೈದ್ಯಕೀಯ, ಕಾನೂನು, ವಾಸ್ತುಶಿಲ್ಪ, ಫಾರ್ಮಸಿ, ನರ್ಸಿಂಗ್‌ನಂಥ ವೃತ್ತಿಪರ ಪದವಿಗಳದ್ದು ಬೇರೆ ದಾರಿ, ಅವಕ್ಕೆ ಆಯಾ ಮಂಡಳಿಯ ನಿಯಮವೇ ಅಂತಿಮ.

ಎಂಬಿಬಿಎಸ್ ಮುಗಿಸಿ ಬಂದವರಿಗೆ

ನಮ್ಮ ಭಾಗದಿಂದ ವಿದೇಶಕ್ಕೆ ಹೋಗುವವರಲ್ಲಿ ವೈದ್ಯಕೀಯ ಓದುವವರ ಬಗ್ಗೆ ನನಗೆ ಹೆಚ್ಚಿನ ಕಳವಳ. ರಷ್ಯಾ, ಕಿರ್ಗಿಸ್ತಾನ, ಕಜಕಸ್ತಾನ, ಜಾರ್ಜಿಯಾ, ಫಿಲಿಪ್ಪೀನ್ಸ್ ಎಲ್ಲಿಂದಲೇ ಪದವಿ ತರಲಿ, ಅದೊಂದರಿಂದಲೇ ಇಲ್ಲಿ ಡಾಕ್ಟರ್ ಆಗುವುದಿಲ್ಲ. ಮೊದಲು ವಿದೇಶದಲ್ಲಿ ವೈದ್ಯಕೀಯ ಓದಿದವರಿಗಾಗಿ ಇರುವ ಎಫ್‌ಎಂಜಿಇ ಪರೀಕ್ಷೆ. ವರ್ಷಕ್ಕೆ ಎರಡು ಸಲ ನಡೆಯುತ್ತದೆ, 300 ಪ್ರಶ್ನೆ, ಪಾಸಾಗಲು 150 ಅಂಕ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದರೂ ಬರೆದವರಲ್ಲಿ ಪಾಸಾಗದವರೇ ಹೆಚ್ಚು. ಈ ಪರೀಕ್ಷೆಗೆ ಅರ್ಜಿ ಹಾಕುವಾಗ ಪದವಿಪತ್ರಕ್ಕೆ ಆ ದೇಶದ ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಇಲ್ಲವೇ ಅಪೊಸ್ಟಿಲ್ ಕೇಳುತ್ತಾರೆ. ಅಲ್ಲಿಂದಲೇ ಮಾಡಿಸಿಕೊಂಡು ಬನ್ನಿ ಎಂದು ಮೇಲೆ ಹೇಳಿದ್ದು ಇದಕ್ಕೇ.

2021ರ ನವೆಂಬರ್ 18ರ ನಂತರ ಸೇರಿದವರಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮ ಇನ್ನೂ ಬಿಗಿ. ಕೋರ್ಸು ಕನಿಷ್ಠ 54 ತಿಂಗಳು ಇರಬೇಕು, ಇಂಗ್ಲಿಷ್ ಮಾಧ್ಯಮ ಇರಬೇಕು, ಪೂರ್ತಿ ಓದು ಮತ್ತು 12 ತಿಂಗಳ ಇಂಟರ್ನ್‌ಶಿಪ್ ಒಂದೇ ಸಂಸ್ಥೆಯಲ್ಲಿ ಆಗಿರಬೇಕು, ಆ ದೇಶದಲ್ಲಿ ವೈದ್ಯರಾಗಿ ನೋಂದಾಯಿಸಿಕೊಳ್ಳುವ ಅರ್ಹತೆ ಸಿಕ್ಕಿರಬೇಕು. ಇಷ್ಟಾದ ಮೇಲೆ ಭಾರತದಲ್ಲಿ ಮತ್ತೆ 12 ತಿಂಗಳ ಇಂಟರ್ನ್‌ಶಿಪ್, ಆಮೇಲೆ ರಾಜ್ಯದ ವೈದ್ಯಕೀಯ ಪರಿಷತ್ತಿನ ನೋಂದಣಿ. ಕೋರ್ಸಿಗೆ ಸೇರಿದ ದಿನದಿಂದ ಹತ್ತು ವರ್ಷದೊಳಗೆ ಎಲ್ಲ ಮುಗಿಯಬೇಕು. ಇಂಟರ್ನ್‌ಶಿಪ್ ಬಿಟ್ಟು ಬೇಗ ಊರಿಗೆ ಹೋಗಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನೋಂದಣಿ ಸಿಗುವವರೆಗೆ ಮನೆಯವರ ಒತ್ತಾಯ ಬೇರೆ. ‘ಡಾಕ್ಟರ್ ಆಗೇ ಬಂದೀಯಲ್ಲ, ಇಲ್ಲೇ ಒಂದ್ ದವಾಖಾನಿ ತೆಗಿ’ ಎನ್ನುವ ಕಾಕಾ, ಮಾಮಾ ಎಲ್ಲ ಮನೆಯಲ್ಲೂ ಇದ್ದಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ನೋಂದಣಿಯಿಲ್ಲದೆ ರೋಗಿಯನ್ನು ಮುಟ್ಟಿದರೆ 2019ರ ಆಯೋಗದ ಕಾಯ್ದೆಯ ಪ್ರಕಾರ ಒಂದು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಬಂದ ಮೇಲಿನ ಎರಡು ವರ್ಷವಾದರೂ ಪರೀಕ್ಷೆಗೆ, ಇಂಟರ್ನ್‌ಶಿಪ್‌ಗೆ ಮೀಸಲು ಎಂದು ಮನೆಯವರು ಮೊದಲೇ ತಿಳಿದಿರಬೇಕು. ಆರು ವರ್ಷ ಓದಿ ಬಂದ ಹುಡುಗ ಮತ್ತೆ ಕೋಚಿಂಗ್ ಕ್ಲಾಸಿಗೆ ಹೋಗುತ್ತಾನೆಂದರೆ ಅವನು ದಡ್ಡನೆಂದು ಅರ್ಥವಲ್ಲ. ಇದು ಎಲ್ಲರೂ ಹಾಯಲೇಬೇಕಾದ ಬಾಗಿಲು.

2022ರ ಫೆಬ್ರುವರಿಯಲ್ಲಿ ಯುದ್ಧ ಶುರುವಾಗಿ ಯುಕ್ರೇನಿನಿಂದ ಅರ್ಧಕ್ಕೆ ಬಂದವರ ಪಾಡನ್ನು ಇಡೀ ಉತ್ತರ ಕರ್ನಾಟಕ ಕಂಡಿದೆ. ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ನವೀನ್ ಮಾರ್ಚ್ 1ರಂದು ಹಾರ್ಕಿವ್‌ನಲ್ಲಿ ಪ್ರಾಣ ಕಳೆದುಕೊಂಡರು. ಬದುಕಿ ಬಂದವರಿಗೆ ವಿದಾಯ ಸಮಾರಂಭವಿರಲಿಲ್ಲ, ಗೆಳೆಯರಿಗೆ ಹೋಗಿಬರುತ್ತೇನೆ ಎಂದು ಹೇಳಲೂ ಆಗಲಿಲ್ಲ. ಹೀಗೆ ಕಡಿದುಹೋದ ಓದಿನ ನೋವು ಬೇರೆಯದೇ. ಅಂಥವರ ಮುಂದೆ ‘ಜೀವ ಉಳೀತಲ್ಲ, ಸಾಕು’ ಎಂದು ಹೇಳಿ ಮಾತು ಮುಗಿಸಬಾರದು.

ಸಾಲದ ಲೆಕ್ಕ

ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಕೋರ್ಸು ಮುಗಿದ ಒಂದು ವರ್ಷದ ನಂತರ ಶುರುವಾಗುತ್ತದೆ. ಕೆಲವು ಬ್ಯಾಂಕುಗಳಲ್ಲಿ ಈ ಅವಧಿ ಇನ್ನೂ ಕಡಿಮೆ. ನಿಮ್ಮ ಮಂಜೂರಾತಿ ಪತ್ರದಲ್ಲಿ ಏನಿದೆ ಎಂಬುದೇ ಲೆಕ್ಕ. ಕಂತಿಲ್ಲದ ಆ ತಿಂಗಳುಗಳಲ್ಲೂ ಬಡ್ಡಿ ಬೆಳೆಯುತ್ತಿರುತ್ತದೆ. ಬಂದ ಮೊದಲ ತಿಂಗಳಲ್ಲೇ ತಂದೆಯನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿ, ಈವರೆಗಿನ ಬಡ್ಡಿ ಎಷ್ಟು, ಮೊದಲ ಕಂತಿನ ದಿನಾಂಕ ಯಾವುದು ಎಂದು ಬರೆಸಿಕೊಂಡು ಬನ್ನಿ.

ತಂದೆಯನ್ನು ಏಕೆ ಕರೆದುಕೊಂಡು ಹೋಗಬೇಕೆಂದರೆ, ಸಾಲದಲ್ಲಿ ಅವರೂ ಸಹ-ಅರ್ಜಿದಾರರು. ನೀವು ಕಂತು ತಪ್ಪಿಸಿದರೆ ಅವರ ಸಿಬಿಲ್ ಅಂಕವೂ ಕುಸಿಯುತ್ತದೆ. ಮುಂದೆ ಕಬ್ಬಿಗೋ ದ್ರಾಕ್ಷಿ ತೋಟಕ್ಕೋ ಅವರು ಬ್ಯಾಂಕಿನಲ್ಲಿ ಬೆಳೆಸಾಲ ಕೇಳಿದಾಗ ಅದು ಅಡ್ಡ ಬರುತ್ತದೆ. ಕೆಲಸ ಸಿಗಲು ತಡವಾಗುವಂತಿದ್ದರೆ ಕಂತು ತಪ್ಪುವ ಮೊದಲೇ ಮ್ಯಾನೇಜರಿಗೆ ಲಿಖಿತ ಅರ್ಜಿ ಕೊಟ್ಟು ಅವಧಿ ವಿಸ್ತರಿಸಲು ಕೇಳಿ. ತಪ್ಪಿದ ಮೇಲೆ ಕೇಳಿದರೆ ಅವರ ಕೈಯೂ ಕಟ್ಟಿರುತ್ತದೆ. ಮನೆಯಲ್ಲಿ ಬ್ಯಾಂಕಿನ ಸಾಲದ ಜೊತೆಗೆ ಪಿಕೆಪಿಎಸ್ ಸೊಸೈಟಿಯದು, ಸೌಹಾರ್ದ ಸಹಕಾರಿಯದು, ಬೀಗರಿಂದ ತಂದ ಕೈಗಡ ಹೀಗೆ ಎಷ್ಟೋ ಬಾಬ್ತು ಇರುತ್ತವೆ. ಹೆಚ್ಚಿನ ಮನೆಗಳಲ್ಲಿ ಮಕ್ಕಳಿಗೆ ಇದನ್ನು ಹೇಳಿರುವುದಿಲ್ಲ. ಓದಿನ ನಡುವೆ ಹೇಳದಿದ್ದದ್ದು ಸರಿಯೇ, ಈಗ ಹೇಳಬೇಕು. ಒಂದು ಸಂಜೆ ಕೂತು ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ, ಬಡ್ಡಿ ಹೆಚ್ಚಿರುವುದನ್ನು ಮೊದಲು ತೀರಿಸಿ. ಹಳೆಯ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಬ್ಯಾಂಕಿನ ಶಿಕ್ಷಣ ಸಾಲದ ಬಡ್ಡಿಯ ಮೇಲೆ ಎಂಟು ವರ್ಷದವರೆಗೆ ತೆರಿಗೆ ವಿನಾಯಿತಿ ಇದೆ, ಕೈಗಡಕ್ಕೆ ಇಲ್ಲ.

ವಿದೇಶದಲ್ಲಿ ಓದುತ್ತಿರುವಾಗ ವಿದೇಶಿ ವಿನಿಮಯ ಕಾಯ್ದೆಯ ಲೆಕ್ಕದಲ್ಲಿ ನೀವು ಅನಿವಾಸಿ. ಎನ್‌ಆರ್‌ಇ ಖಾತೆ ತೆರೆದಿದ್ದರೆ ಕಾಯಂ ಮರಳಿದ್ದೇನೆ ಎಂದು ಬ್ಯಾಂಕಿಗೆ ತಿಳಿಸಿ ಅದನ್ನು ನಿವಾಸಿ ಖಾತೆಯಾಗಿ ಬದಲಿಸಿಕೊಳ್ಳಬೇಕು.

ಮನೆ, ಓಣಿ, ಮನಸ್ಸು

‘ಯಾವಾಗ ಬಂದಿ?’ ಎಂಬ ಪ್ರಶ್ನೆಯ ಬೆನ್ನಿಗೇ ‘ಮತ್ತ ಯಾವಾಗ ಹೊಂಟಿ?’ ಬರುತ್ತದೆ. ಅದರ ಹಿಂದೆ ‘ಪಗಾರ ಎಷ್ಟ?’ ಲಗ್ನದ ಮಂಟಪ, ಬಸ್‌ಸ್ಟ್ಯಾಂಡು, ಬಸದಿ, ಗುಡಿ ಎಲ್ಲಿ ಹೋದರೂ ಇದೇ. ಕೇಳುವವರಲ್ಲಿ ಕೆಟ್ಟ ಉದ್ದೇಶವಿಲ್ಲ. ಆದರೂ ಕೆಲಸ ಸಿಗದೆ ಕೂತವರಿಗೆ ಇದು ಚುಚ್ಚುತ್ತದೆ. ‘ಆರು ತಿಂಗಳು ಊರಲ್ಲಿರ್ತೀನಿ, ಪರೀಕ್ಷೆಗೆ ತಯಾರಿ ನಡದೈತಿ’ ಎಂಬಂಥ ಒಂದೇ ಉತ್ತರವನ್ನು ಮನೆಯವರೆಲ್ಲ ಮಾತಾಡಿಕೊಂಡು ಇಟ್ಟುಕೊಂಡರೆ ಅರ್ಧ ಹೊರೆ ಇಳಿಯುತ್ತದೆ. ಅಪ್ಪ ಒಂದು, ಅವ್ವ ಇನ್ನೊಂದು ಹೇಳಿದಾಗಲೇ ಊರಲ್ಲಿ ಕಥೆ ಹುಟ್ಟುವುದು.

ಮೊದಲ ವಾರಗಳಲ್ಲಿ ನಿದ್ದೆ ಹೊತ್ತಲ್ಲದ ಹೊತ್ತಿಗೆ ಬರುತ್ತದೆ, ಅಲ್ಲಿಯ ಗೆಳೆಯರ ನೆನಪು ಕಾಡುತ್ತದೆ, ಇಲ್ಲಿಯ ಗದ್ದಲಕ್ಕೆ ಸಿಟ್ಟು ಬರುತ್ತದೆ, ಸಿಟ್ಟು ಬಂತಲ್ಲ ಎಂದು ನಾಚಿಕೆಯಾಗುತ್ತದೆ. ಇದು ಬಹುಮಂದಿಗೆ ಆಗುತ್ತದೆ, ಕ್ರಮೇಣ ತಗ್ಗುತ್ತದೆ. ಹುಡುಗಿಯರಿಗೆ ಕಷ್ಟ ಇನ್ನೂ ಒಂದು ತೂಕ ಹೆಚ್ಚು. ಅಪರಿಚಿತ ನಗರದಲ್ಲಿ ರಾತ್ರಿ ಒಬ್ಬಳೇ ಓಡಾಡಿ, ಮನೆಬಾಡಿಗೆಯ ಕರಾರಿಗೆ ತಾನೇ ಸಹಿ ಹಾಕಿ ಬಂದವಳಿಗೆ ಪೇಟೆಗೆ ಹೋಗಲು ತಮ್ಮನನ್ನು ಜೊತೆಗೆ ಕಳಿಸುತ್ತಾರೆ, ವಾರದೊಳಗೆ ವರನ ಫೋಟೊ ತೋರಿಸುತ್ತಾರೆ. ತಂದೆತಾಯಂದಿರಲ್ಲಿ ನನ್ನ ಕೋರಿಕೆ: ಮೊದಲ ಆರು ತಿಂಗಳು ಲಗ್ನದ ಮಾತು ಬೇಡ. ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಹೋಗಿಬಂದ ದಲಿತ ಮಕ್ಕಳಿಗೆ ಪಟ್ಟಣದಲ್ಲಿ ಇಂದಿಗೂ ಬಾಡಿಗೆಮನೆ ಕೇಳಿದಾಗ ಜಾತಿಯ ಪ್ರಶ್ನೆ ಎದುರಾಗುತ್ತದೆ. ಬರೋಡಾದಲ್ಲಿ ನಡೆದದ್ದು ನೂರು ವರ್ಷದ ಹಿಂದಿನ ಮಾತೆಂದು ತಳ್ಳಿಹಾಕುವಂತಿಲ್ಲ. ಮನೆ ಬಾಡಿಗೆಗೆ ಕೊಡುವ ನಾವು ಇದಕ್ಕೆ ಉತ್ತರ ಹೇಳಬೇಕು.

ಮಂಕು ತಿಂಗಳಾದರೂ ಇಳಿಯದಿದ್ದರೆ, ಊಟ-ನಿದ್ದೆ ಬಿಟ್ಟಿದ್ದರೆ, ಸಾಯುವ ಮಾತು ಬಂದರೆ ಕಾಯಬೇಡಿ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ದೂರವಲ್ಲ.

ಕಂಡದ್ದನ್ನು ಬರೆದಿಡಿ

ವಿ.ಕೃ. ಗೋಕಾಕರು ಆಕ್ಸ್‌ಫರ್ಡ್ ಓದು ಮುಗಿಸಿ 1938ರಲ್ಲಿ ಬಂದದ್ದು ನಮ್ಮ ಕಾಗವಾಡದ ಪಕ್ಕದ ಸಾಂಗ್ಲಿಗೆ, ಅಲ್ಲಿಯ ವಿಲಿಂಗ್ಡನ್ ಕಾಲೇಜಿನ ಪ್ರಾಂಶುಪಾಲರಾಗಿ. ಆ ವಿದೇಶವಾಸವನ್ನು ಅವರು ‘ಸಮುದ್ರದಾಚೆಯಿಂದ’ ಎಂಬ ಪ್ರವಾಸ ಕಥನವಾಗಿ ಕನ್ನಡಕ್ಕೆ ಕೊಟ್ಟರು. ಗೋಕಾಕ ತಾಲ್ಲೂಕಿನ ಮಮದಾಪುರದ ಡಿ.ಸಿ. ಪಾವಟೆ ಕೇಂಬ್ರಿಜ್‌ನಲ್ಲಿ ಗಣಿತ ಓದಿ ಬಂದು, ಮುಂದೆ 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿ ಧಾರವಾಡದ ಆ ಸಂಸ್ಥೆಯನ್ನು ಕಟ್ಟಿದರು. ಕಲಿತದ್ದನ್ನು ಈ ಸೀಮೆಯಲ್ಲಿ ಬಳಸಲು ಜಾಗವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಇಂದು ಹತ್ತರಗಿಯ ವಿಮಾನ ಬಿಡಿಭಾಗಗಳ ಕೈಗಾರಿಕಾ ವಲಯ, ಬೆಳಗಾವಿ-ಕೊಲ್ಹಾಪುರದ ಫೌಂಡ್ರಿಗಳು, ಸಕ್ಕರೆ ಕಾರ್ಖಾನೆಗಳು, ಎಲ್ಲವೂ ಎರಡು ತಾಸಿನ ಹಾದಿಯಲ್ಲಿವೆ. ಪುಣೆ, ಬೆಂಗಳೂರಿಗೆ ಅರ್ಜಿ ಹಾಕುವಾಗ ಇವಕ್ಕೂ ಹಾಕಿ.

ಬಂದ ಮೊದಲ ತಿಂಗಳಲ್ಲೇ, ನೆನಪು ಹಸಿಯಾಗಿರುವಾಗ, ದಿನಕ್ಕೆ ಒಂದು ಪುಟ ಬರೆಯಿರಿ. ಸುಂದರವಾಗಿ ಬರೆಯುವ ಹಂಗು ಬೇಡ. ಅಲ್ಲಿಯ ಪ್ರಯೋಗಾಲಯದಲ್ಲಿ ಕೆಲಸ ಹೇಗೆ ಹಂಚುತ್ತಿದ್ದರು, ತಪ್ಪಿದಾಗ ಮೇಷ್ಟರು ಏನು ಹೇಳಿದರು, ಯಾವ ವಿಷಯ ನಿಮಗೆ ನಿಜಕ್ಕೂ ತಲೆಗೆ ಹತ್ತಿತು, ಯಾವುದನ್ನು ಉರು ಹೊಡೆದು ಪಾಸಾದಿರಿ, ತಿಂಗಳಿಗೆ ಬಾಡಿಗೆಗೆ ಎಷ್ಟು, ಊಟಕ್ಕೆ ಎಷ್ಟು, ಏಜೆಂಟ್ ಹೇಳಿದ್ದರಲ್ಲಿ ಯಾವುದು ಸುಳ್ಳಾಯಿತು. ಸಂದರ್ಶನದಲ್ಲಿ ‘ಅಲ್ಲಿ ಏನು ಕಲಿತಿರಿ?’ ಎಂದು ಕೇಳಿದಾಗ ಉತ್ತರ ಈ ಪುಟಗಳಿಂದಲೇ ಬರುತ್ತದೆ.

ಆ ಪುಟಗಳನ್ನು ಹಿಡಿದು ನೀವು ಓದಿದ ಹೈಸ್ಕೂಲಿಗೆ ಒಂದು ಶನಿವಾರ ಹೋಗಿ. ಹತ್ತನೆಯ ತರಗತಿಯ ಮಕ್ಕಳ ಮುಂದೆ, ಸಾಧ್ಯವಾದರೆ ಅವರ ತಂದೆತಾಯಿಗಳ ಮುಂದೆಯೂ, ಖರ್ಚೆಷ್ಟು, ಪರೀಕ್ಷೆ ಎಂಥದು, ಯಾವ ವಿದ್ಯಾರ್ಥಿವೇತನವಿದೆ, ಮರಳಿ ಬಂದ ಮೇಲೆ ಏನೇನು ಕಾದಿದೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿ. ಮುಖ್ಯೋಪಾಧ್ಯಾಯರೇ, ಮರಳಿ ಬಂದ ನಿಮ್ಮ ಹಳೆಯ ವಿದ್ಯಾರ್ಥಿಗಳ ಹೆಸರನ್ನು ಪಟ್ಟಿ ಮಾಡಿ ನೀವೇ ಕರೆಯಿರಿ. ಈ ವರ್ಷದ ಅಡ್ಮಿಶನ್ ಸುಗ್ಗಿ ಶುರುವಾಗುವ ಮೊದಲೇ ಕರೆಯಿರಿ.